ಲಾಲಾಗ್ರಂಥಿಯ ಗಂತಿಯೂ ಸೂಜಿಯ ಸಾಕ್ಷ್ಯವೂ

೧

ಕಿವಿಯ ಹಾಲೆಯ ಕೆಳಗೆ, ದವಡೆಯ ಮೂಲೆಗೆ ತಗಲಿಕೊಂಡಂತೆ, ನೋವಿಲ್ಲದೆ ನಿಧಾನವಾಗಿ ಬೆಳೆಯುವ ಗಂಟು ಮನುಷ್ಯನನ್ನು ವೈದ್ಯರ ಬಳಿಗೆ ಬೇಗನೆ ಅಟ್ಟುವುದಿಲ್ಲ. ನೋವಿಲ್ಲದ್ದಕ್ಕೆ ಮದ್ದೇಕೆ ಎಂಬ ಉದಾಸೀನದಲ್ಲಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳು, ಕಳೆದುಹೋಗುತ್ತವೆ. ಮುಖದ ಒಂದು ಪಕ್ಕ ಮತ್ತೊಂದಕ್ಕಿಂತ ದಪ್ಪವಾಗಿ ಕಂಡಾಗ, ಅಥವಾ ಮನೆಯವರ ಒತ್ತಾಯ ಹೆಚ್ಚಿದಾಗ, ಕಡೆಗೆ ಆಸ್ಪತ್ರೆಯ ದಾರಿ ಹಿಡಿಯುವುದುಂಟು. ಆಗ ವೈದ್ಯರ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಇದು ಬರಿಯ ಬಾವೇ, ಸೌಮ್ಯವಾದ ಗಂತಿಯೇ, ಅಥವಾ ಹಿಂದಿನವರು ಏಡಿಗಂತಿಯೆಂದು ಕರೆದ ಕ್ಯಾನ್ಸರೇ?

ಮೈಯ ಬೇರೆಡೆಗಳಲ್ಲಿ ಇಂಥ ಪ್ರಶ್ನೆಗೆ ಉತ್ತರ ಪಡೆಯುವ ರೂಢಿಯ ಮಾರ್ಗ ಸುಲಭವಾದುದು. ಗಂಟಿನ ಒಂದು ಚೂರನ್ನು ಕತ್ತರಿಸಿ ತೆಗೆದು, ಅದನ್ನು ಅತಿ ತೆಳುವಾದ ಪದರುಗಳಾಗಿ ಕೊಯ್ದು, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಾರೆ. ಆದರೆ ಕಿವಿಯ ಬುಡದ ಲಾಲಾಗ್ರಂಥಿಯ ವಿಷಯದಲ್ಲಿ ಶಸ್ತ್ರವೈದ್ಯರು ಈ ಮಾರ್ಗವನ್ನು ಹಿಡಿಯಲು ಹಿಂಜರಿಯುತ್ತಾರೆ. ಅದಕ್ಕೆ ಎರಡು ಕಾರಣಗಳುಂಟು.

ಮೊದಲನೆಯದು ಮುಖನರ. ತಲೆಬುರುಡೆಯ ತಳದಿಂದ ಹೊರಬಂದ ಈ ನರವು ನೇರವಾಗಿ ಗ್ರಂಥಿಯೊಳಗೆ ನುಗ್ಗಿ, ಅಲ್ಲಿಯೇ ಕವಲೊಡೆದು, ಐದು ಮುಖ್ಯ ಶಾಖೆಗಳಾಗಿ ಹಣೆಗೂ ಕಣ್ಣರೆಪ್ಪೆಗೂ ಕೆನ್ನೆಗೂ ತುಟಿಗೂ ಕತ್ತಿಗೂ ಹರಿಯುತ್ತದೆ. ಅದು ಕಡಿದರೆ ಆ ಪಕ್ಕದ ಕಣ್ಣು ಮುಚ್ಚದು. ಕುಡಿದ ನೀರು ಬಾಯಿಯ ಮೂಲೆಯಿಂದ ಸೋರುವುದು. ನಗು ಒಂದೇ ಕಡೆಗೆ ಎಳೆಯುವುದು. ಗಂಟಿನ ಚೂರಿಗಾಗಿ ಕುರುಡಾಗಿ ಕತ್ತಿ ಹಾಕುವ ಸ್ಥಳ ಇದಲ್ಲ.

ಎರಡನೆಯದು ಗಂತಿಯ ಸ್ವಭಾವ. ಇಲ್ಲಿ ಹೆಚ್ಚಾಗಿ ಕಾಣುವ ಸೌಮ್ಯ ಗಂತಿಗೆ ಕವಚವೊಂದು ಇರುವಂತೆ ತೋರಿದರೂ ಅದು ಕೆಲವೆಡೆ ಅತಿ ತೆಳುವಾಗಿರುತ್ತದೆ. ಗಂತಿಯ ಸಣ್ಣ ಮೊಗ್ಗುಗಳು ಅದರಾಚೆಗೂ ಚಾಚಿಕೊಂಡಿರುತ್ತವೆ. ಕವಚವನ್ನು ಸೀಳಿದರೆ ಒಳಗಿನ ಕೋಶಗಳು ಸುತ್ತಲೂ ಚೆಲ್ಲಿ, ವರ್ಷಗಳ ತರುವಾಯ ಒಂದರ ಬದಲು ಹತ್ತಾರು ಗಂಟುಗಳಾಗಿ ಮೊಳೆಯಬಹುದು. ಗಂತಿಯನ್ನು ಹಣ್ಣಿನ ಬೀಜದಂತೆ ಸುಲಿದು ತೆಗೆಯುತ್ತಿದ್ದ ಕಾಲದಲ್ಲಿ ನೂರಕ್ಕೆ ಇಪ್ಪತ್ತು ಮಂದಿಗೂ ಮೇಲ್ಪಟ್ಟು ಅದು ಮರುಕಳಿಸುತ್ತಿತ್ತೆಂಬ ವರದಿಗಳಿವೆ. ಮರುಕಳಿಸಿದ ಗಂತಿಯ ಶಸ್ತ್ರಕ್ರಿಯೆಯಲ್ಲಿ ಮುಖನರಕ್ಕೆ ಒದಗುವ ಅಪಾಯ ಮೊದಲಿಗಿಂತ ಹೆಚ್ಚಿನದು.

ಹೀಗಿರುವಲ್ಲಿ, ಕತ್ತಿಯಿಲ್ಲದೆ ಗಂತಿಯ ಒಳಗನ್ನು ತಿಳಿಯುವ ಉಪಾಯವೆಂದು ಬಳಕೆಗೆ ಬಂದುದೇ ಸೂಜಿಚೂಷಣ ಕೋಶಪರೀಕ್ಷೆ. ಕೂದಲಿನಂಥ ಸೂಜಿಯಿಂದ ಗಂಟಿನೊಳಗಿನ ಕೆಲವು ಕೋಶಗಳನ್ನು ಹೀರಿ ತೆಗೆದು ನೋಡುವ ಈ ಪರೀಕ್ಷೆ ಅಗ್ಗವಾದುದು, ಬೇಗ ಮುಗಿಯುವಂಥದು, ರೋಗಿಗೆ ಅಷ್ಟಾಗಿ ಶ್ರಮ ಕೊಡದು. ಆದರೆ ಸೂಜಿ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬ ಮಿತಿಯನ್ನು ಅರಿಯದವರ ಕೈಯಲ್ಲಿ ಅದರ ಉತ್ತರವು ಅನುಕೂಲಕ್ಕಿಂತ ಅನರ್ಥವನ್ನೇ ಹೆಚ್ಚು ಮಾಡೀತು.

೨

ಬಾಯಿಗೆ ಜೊಲ್ಲನ್ನು ಒದಗಿಸುವ ದೊಡ್ಡ ಗ್ರಂಥಿಗಳು ಮೂರು ಜೋಡಿ. ಕಿವಿಯ ಬುಡದಲ್ಲಿರುವುದು ಕರ್ಣಮೂಲ ಗ್ರಂಥಿ; ಇದು ಎಲ್ಲಕ್ಕಿಂತ ದೊಡ್ಡದು. ದವಡೆಯೆಲುಬಿನ ಒಳಮಗ್ಗುಲಲ್ಲಿರುವುದು ಎರಡನೆಯದು, ನಾಲಗೆಯಡಿಯಲ್ಲಿರುವುದು ಮೂರನೆಯದು. ಇವಲ್ಲದೆ ತುಟಿ, ಕೆನ್ನೆ, ಅಂಗುಳು, ಗಂಟಲುಗಳ ಒಳಪೊರೆಯಲ್ಲಿ ಆರುನೂರರಿಂದ ಸಾವಿರದವರೆಗೆ ಕಿರುಗ್ರಂಥಿಗಳು ಹರಡಿಕೊಂಡಿವೆ.

ಈ ಗ್ರಂಥಿಗಳು ಊದಿಕೊಂಡುದೆಲ್ಲವೂ ಗಂತಿಯಲ್ಲ. ಮಕ್ಕಳಲ್ಲಿ ಕಾಣುವ ಮಂಗನಬಾವು ವೈರಸಿನ ಸೋಂಕು. ಅದಕ್ಕೆ ಸೂಜಿಯ ಅಗತ್ಯವೇ ಇಲ್ಲ. ಊಟದ ಹೊತ್ತಿಗೆ ಊದಿ ಆಮೇಲೆ ಇಳಿಯುವ ದವಡೆಯಡಿಯ ಬಾವಿಗೆ ನಾಳದಲ್ಲಿ ಸಿಕ್ಕಿಕೊಂಡ ಕಲ್ಲು ಕಾರಣವಾಗಿರುವುದು ಹೆಚ್ಚು. ಮಧುಮೇಹ, ಮದ್ಯಪಾನ, ಪೌಷ್ಟಿಕಾಹಾರದ ಕೊರತೆ ಇವುಗಳಿಂದಲೂ ಎರಡೂ ಪಕ್ಕದ ಗ್ರಂಥಿಗಳು ನೋವಿಲ್ಲದೆ ದಪ್ಪವಾಗಬಹುದು. ಕರ್ಣಮೂಲ ಗ್ರಂಥಿಗೆ ಮತ್ತೊಂದು ವಿಶೇಷವಿದೆ: ಅದರ ಹೊಟ್ಟೆಯೊಳಗೇ ದುಗ್ಧಗ್ರಂಥಿಗಳು ಸೇರಿಕೊಂಡಿವೆ. ಆದುದರಿಂದ ಕ್ಷಯರೋಗವೂ, ನೆತ್ತಿಯ ಇಲ್ಲವೆ ಮುಖದ ಚರ್ಮದ ಕ್ಯಾನ್ಸರಿನ ಹರಹೂ, ದುಗ್ಧಕೋಶಗಳ ಕ್ಯಾನ್ಸರಾದ ಲಿಂಫೋಮವೂ ಅಲ್ಲಿ ಗಂಟಾಗಿ ಕಾಣಿಸಿಕೊಳ್ಳಬಹುದು. ಕ್ಷಯವು ಇನ್ನೂ ವ್ಯಾಪಕವಾಗಿರುವ ಭಾರತದಲ್ಲಿ ಈ ಸಂಗತಿಗೆ ಮಹತ್ವವುಂಟು. ಸೂಜಿಯಿಂದ ಬಂದ ಕೀವಿನಂಥ ದ್ರವದಲ್ಲಿ ಕ್ಷಯದ ಗುರುತು ಸಿಕ್ಕರೆ, ಕತ್ತಿಗೆ ಕೆಲಸವಿಲ್ಲದೆ ಗುಳಿಗೆಗಳಿಂದಲೇ ರೋಗ ವಾಸಿಯಾಗುತ್ತದೆ. ಅನಾವಶ್ಯಕವಾದ ಶಸ್ತ್ರಕ್ರಿಯೆಯನ್ನು ತಪ್ಪಿಸುವುದು ಸೂಜಿಯ ಮೊದಲನೆಯ ಉಪಕಾರ.

ಇನ್ನು ನಿಜವಾದ ಗಂತಿಗಳ ವಿಷಯದಲ್ಲಿ ಸ್ಥೂಲವಾದ ಒಂದು ಲೆಕ್ಕವನ್ನು ವೈದ್ಯರು ನೆನಪಿನಲ್ಲಿಡುತ್ತಾರೆ. ಲಾಲಾಗ್ರಂಥಿಗಳ ಗಂತಿಗಳಲ್ಲಿ ನೂರಕ್ಕೆ ಸುಮಾರು ೮೦ ಕರ್ಣಮೂಲ ಗ್ರಂಥಿಯಲ್ಲಿ ಹುಟ್ಟುತ್ತವೆ. ಅವುಗಳಲ್ಲಿ ಸುಮಾರು ೮೦ ಪಾಲು ಸೌಮ್ಯವಾದುವು. ಆದರೆ ಗ್ರಂಥಿ ಚಿಕ್ಕದಾದಂತೆ ಗಂತಿಯು ಮಾರಕವಾಗಿರುವ ಸಂಭವ ಏರುತ್ತದೆ. ದವಡೆಯಡಿಯ ಗ್ರಂಥಿಯಲ್ಲಿ ಅರ್ಧಕ್ಕೆ ಸಮೀಪ, ನಾಲಗೆಯಡಿಯ ಗ್ರಂಥಿಯಲ್ಲಿ ಅದಕ್ಕೂ ಹೆಚ್ಚು ಗಂತಿಗಳು ಮಾರಕವಾಗಿರುತ್ತವೆ. ಈ ಲೆಕ್ಕಕ್ಕೆ ಸೂಜಿಯ ಉತ್ತರವನ್ನು ತೂಗುವಾಗ ಎಷ್ಟು ಬೆಲೆಯಿದೆಯೆಂಬುದು ಮುಂದೆ ತಿಳಿದುಬರುವುದು.

೩

ಸೂಜಿಯಿಂದ ಗಂತಿಯನ್ನು ಪರೀಕ್ಷಿಸುವ ಯೋಚನೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅಲ್ಲಲ್ಲಿ ತಲೆದೋರಿತ್ತಾದರೂ ಅದು ಒಂದು ಕ್ರಮಬದ್ಧ ವಿಧಾನವಾದದ್ದು ೧೯೩೦ರಲ್ಲಿ. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಶಸ್ತ್ರವೈದ್ಯ ಹೇಯ್ಸ್ ಮಾರ್ಟಿನ್ ಮತ್ತು ಆತನ ಸಹಾಯಕ ಎಡ್ವರ್ಡ್ ಎಲಿಸ್ ಆ ವರ್ಷ ಈ ವಿಧಾನವನ್ನು ಕುರಿತ ಲೇಖನವನ್ನು ಪ್ರಕಟಿಸಿದರು. ತಲೆ ಮತ್ತು ಕತ್ತಿನ ಗಂತಿಗಳ ಚಿಕಿತ್ಸೆಯಲ್ಲಿ ಮಾರ್ಟಿನನಿಗೆ ವಿಶೇಷವಾದ ಪರಿಶ್ರಮವಿತ್ತು. ೧೯೩೩ರಲ್ಲಿ ಅದೇ ಆಸ್ಪತ್ರೆಯ ರೋಗವಿಜ್ಞಾನಿ ಫ್ರೆಡ್ ಸ್ಟೂವರ್ಟ್ ಈ ಪರೀಕ್ಷೆಯ ಬಲಾಬಲಗಳನ್ನು ವಿಸ್ತಾರವಾಗಿ ಬರೆದ. ಅವರು ಬಳಸಿದ ಸೂಜಿ ೧೮ನೆಯ ಅಳತೆಯದು; ಅದರ ದಪ್ಪ ಒಂದು ಮಿಲಿಮೀಟರಿಗೂ ತುಸು ಹೆಚ್ಚು. ಅಮೆರಿಕದ ಇತರ ಆಸ್ಪತ್ರೆಗಳಲ್ಲಿ ಈ ವಿಧಾನಕ್ಕೆ ಬಹುಕಾಲ ಆದರ ದೊರೆಯಲಿಲ್ಲ. ಚೂರನ್ನು ನೋಡಿ ಅಭ್ಯಾಸವಾದ ಕಣ್ಣುಗಳು ಚದರಿದ ಕೋಶಗಳನ್ನು ನಂಬಲು ಸಿದ್ಧವಿರಲಿಲ್ಲ.

ಯುರೋಪಿನಲ್ಲಿ, ವಿಶೇಷವಾಗಿ ಸ್ವೀಡನ್ ದೇಶದಲ್ಲಿ, ೧೯೫೦ ಮತ್ತು ೧೯೬೦ರ ದಶಕಗಳಲ್ಲಿ ಈ ವಿದ್ಯೆ ಬೇರೂರಿತು. ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ಸಿಕ್ಸ್‌ಟೆನ್ ಫ್ರಾನ್‌ಜೆನ್, ಜೋಸೆಫ್ ಝಾಯಿಚೆಕ್ ಮುಂತಾದವರು ಹೆಚ್ಚು ಸಪೂರವಾದ ಸೂಜಿಯನ್ನು ಬಳಕೆಗೆ ತಂದರು. ಒಂದೇ ಕೈಯಿಂದ ಸಿರಿಂಜಿನ ಕೊಳವೆಯನ್ನು ಹಿಂದಕ್ಕೆಳೆಯಲು ಅನುಕೂಲವಾದ ಹಿಡಿಯೊಂದು ಫ್ರಾನ್‌ಜೆನ್ನನ ಹೆಸರಿನಲ್ಲಿ ಪ್ರಸಿದ್ಧವಾಯಿತು. ಇನ್ನೊಂದು ಕೈ ಗಂಟನ್ನು ಹಿಡಿದು ನಿಲ್ಲಿಸಲು ಬಿಡುವಾಯಿತು. ಇವರಲ್ಲಿ ರಕ್ತರೋಗಗಳನ್ನು ಅಭ್ಯಾಸಮಾಡಿದವರಿದ್ದುದರಿಂದ ಹನಿಯನ್ನು ಗಾಜಿನ ಮೇಲೆ ತೀಡಿ, ಗಾಳಿಗೆ ಒಣಗಿಸಿ, ಗೀಮ್ಸಾ ಬಣ್ಣ ಕಟ್ಟುವ ರಕ್ತಪರೀಕ್ಷೆಯ ಪದ್ಧತಿ ಅವರಿಗೆ ಕರಗತವಾಗಿತ್ತು. ರೋಗಿಯ ಗಂಟನ್ನು ಮುಟ್ಟಿ ನೋಡುವವರು, ಸೂಜಿ ಚುಚ್ಚುವವರು, ಸೂಕ್ಷ್ಮದರ್ಶಕದಲ್ಲಿ ನೋಡುವವರು ಮೂವರೂ ಒಬ್ಬರೇ ಆದುದು ಅಲ್ಲಿನ ಯಶಸ್ಸಿನ ಗುಟ್ಟು. ಎನೆರೋತ್, ಫ್ರಾನ್‌ಜೆನ್, ಝಾಯಿಚೆಕ್ ಇವರು ಸಾವಿರ ಲಾಲಾಗ್ರಂಥಿ ಗಂತಿಗಳ ಕೋಶಪರೀಕ್ಷೆಯ ಅನುಭವವನ್ನು ೧೯೬೭ರಲ್ಲಿ ಪ್ರಕಟಿಸಿದ ಮೇಲೆ ಸಂಶಯವಾದಿಗಳೂ ಇದನ್ನು ಗಂಭೀರವಾಗಿ ಪರಿಗಣಿಸಬೇಕಾಯಿತು.

೪

ಪರೀಕ್ಷೆಯ ಕ್ರಮ ಸರಳವಾದುದು. ಈಗ ಬಳಸುವ ಸೂಜಿ ಸಾಮಾನ್ಯವಾಗಿ ೨೩ ಅಥವಾ ೨೫ನೆಯ ಅಳತೆಯದು. ದಪ್ಪ ಸುಮಾರು ೦.೬ ಅಥವಾ ೦.೫ ಮಿಲಿಮೀಟರು. ಅಳತೆಯ ಅಂಕೆ ಏರಿದಂತೆ ಸೂಜಿ ಸಪೂರವಾಗುತ್ತದೆ. ಗಂಟನ್ನು ಎರಡು ಬೆರಳುಗಳ ನಡುವೆ ಅಲುಗದಂತೆ ಹಿಡಿದು, ಚರ್ಮವನ್ನು ಶುದ್ಧಿಮಾಡಿ, ಸೂಜಿಯನ್ನು ಒಳಗಿಳಿಸಿ, ಸಿರಿಂಜಿನಿಂದ ಮೆಲ್ಲನೆ ಹೀರುತ್ತ, ಸೂಜಿಯ ತುದಿಯನ್ನು ಗಂಟಿನೊಳಗೇ ಕೆಲವು ಸಲ ಹಿಂದುಮುಂದಾಗಿ ಆಡಿಸುತ್ತಾರೆ. ಹೊರಗೆಳೆಯುವ ಮುನ್ನ ಹೀರುವುದನ್ನು ನಿಲ್ಲಿಸಬೇಕು. ಇಲ್ಲವಾದರೆ ಸಿಕ್ಕಿದ ಹನಿ ಸೂಜಿಯಿಂದ ಸಿರಿಂಜಿನೊಳಕ್ಕೆ ಹಾರಿ ವ್ಯರ್ಥವಾಗುತ್ತದೆ. ಸಿರಿಂಜೇ ಇಲ್ಲದೆ ಬರಿಯ ಸೂಜಿಯನ್ನು ಆಡಿಸಿ ಕೋಶಗಳು ತಾವಾಗಿಯೇ ಅದರೊಳಗೆ ಏರುವಂತೆ ಮಾಡುವ ಕ್ರಮವೂ ಉಂಟು. ಇದರಿಂದ ರಕ್ತ ಬೆರೆಯುವುದು ಕಡಿಮೆಯಾಗುತ್ತದೆ. ಗಂಟು ಆಳದಲ್ಲಿದ್ದರೆ ಅಲ್ಟ್ರಾಸೌಂಡಿನ ಸಹಾಯದಿಂದ ಸೂಜಿಯ ದಾರಿಯನ್ನು ಕಣ್ಣಾರೆ ನೋಡುತ್ತ ಚುಚ್ಚುತ್ತಾರೆ. ಗಂಟಿನಲ್ಲಿ ನೀರು ತುಂಬಿದ ಚೀಲವಿದ್ದರೆ ನೀರನ್ನು ಪೂರ್ತಿ ತೆಗೆದು, ಉಳಿದ ಗಟ್ಟಿಭಾಗಕ್ಕೆ ಮತ್ತೊಮ್ಮೆ ಚುಚ್ಚುವುದು ಅವಶ್ಯಕ.

ಸೂಜಿಯಲ್ಲಿ ಸಿಕ್ಕಿದ ಹನಿಯನ್ನು ಗಾಜಿನ ಸ್ಲೈಡುಗಳ ಮೇಲೆ ತೀಡುತ್ತಾರೆ. ಕೆಲವನ್ನು ಗಾಳಿಗೆ ಒಣಗಿಸಿ ಗೀಮ್ಸಾ ಬಣ್ಣಕ್ಕೂ, ಕೆಲವನ್ನು ಒಡನೆಯೇ ಆಲ್ಕೋಹಾಲಿನಲ್ಲಿ ಅದ್ದಿ ಪಾಪಾನಿಕೊಲಾವ್ ಬಣ್ಣಕ್ಕೂ ಗೊತ್ತುಮಾಡುವರು. ಮೊದಲನೆಯದು ಕೋಶಗಳ ನಡುವಣ ವಸ್ತುವನ್ನು ಕೆನ್ನೀಲಿಗೆಂಪಾಗಿ ಎತ್ತಿ ತೋರಿಸುತ್ತದೆ. ಎರಡನೆಯದು ಕೋಶದ ನಡುವಿನ ನ್ಯೂಕ್ಲಿಯಸ್ಸಿನ ವಿವರಗಳನ್ನು ಬಿಡಿಸಿ ತೋರಿಸುತ್ತದೆ. ಲಾಲಾಗ್ರಂಥಿಯ ಗಂತಿಗಳಲ್ಲಿ ಕೋಶದಷ್ಟೇ ಅದರ ನಡುವಣ ವಸ್ತುವೂ ಮಾತನಾಡುವುದರಿಂದ ಎರಡೂ ಬೇಕು. ಮಿಕ್ಕ ಹನಿಯನ್ನು ದ್ರಾವಣದಲ್ಲಿ ಕೂಡಿಹಾಕಿ, ಗಟ್ಟಿಮಾಡಿ, ಚೂರಿನಂತೆಯೇ ಕೊಯ್ದು ನೋಡುವುದೂ ರೂಢಿಯಲ್ಲಿದೆ.

ಇಷ್ಟು ಸಪೂರವಾದ ಸೂಜಿಯಿಂದ ಮುಖನರಕ್ಕೆ ಶಾಶ್ವತವಾದ ಹಾನಿಯಾಗುವುದೂ, ಸೂಜಿಯ ದಾರಿಯುದ್ದಕ್ಕೂ ಗಂತಿಯ ಕೋಶಗಳು ಬಿತ್ತಿದಂತಾಗುವುದೂ ಅತ್ಯಂತ ಅಪರೂಪ. ತುಸು ನೋವು, ತುಸು ರಕ್ತ ಹೆಪ್ಪುಗಟ್ಟುವುದು ಇವಿಷ್ಟೇ ಸಾಮಾನ್ಯ ತೊಂದರೆಗಳು. ರೋಗಿಯು ಅಂದೇ ಮನೆಗೆ ಮರಳಬಹುದು.

೫

ಸ್ಲೈಡಿನಲ್ಲಿ ಏನು ಕಾಣುತ್ತದೆ? ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಬಹುರೂಪಿ ಗಂತಿ. ವೈದ್ಯರು ಇದನ್ನು ಪ್ಲಿಯೋಮಾರ್ಫಿಕ್ ಅಡಿನೋಮವೆಂದು ಕರೆಯುತ್ತಾರೆ. ಗ್ರಂಥಿಯ ನಾಳದ ಕೋಶಗಳು, ಅವುಗಳ ಸುತ್ತಣ ಕದಿರಿನಂಥ ಕೋಶಗಳು, ಇವೆರಡರ ನಡುವೆ ನಾರುನಾರಾದ ಮಧ್ಯವಸ್ತು, ಹೀಗೆ ಮೂರು ಅಂಗಗಳು ಇದಕ್ಕುಂಟು. ಮಧ್ಯವಸ್ತುವಿನ ಅಂಚು ಹಿಂಜಿದ ಅರಳೆಯಂತಿದ್ದು, ಕೋಶಗಳು ಅದರಲ್ಲಿ ಹುದುಗಿಕೊಂಡಿರುತ್ತವೆ. ಈ ಚಿತ್ರ ಪೂರ್ಣವಾಗಿ ಕಂಡಾಗ ನುರಿತವರಿಗೆ ಸಂದೇಹ ಉಳಿಯುವುದು ಕಡಮೆ.

ಎರಡನೆಯದು ವಾರ್ಥಿನ್ ಗಂತಿ. ಅಮೆರಿಕದ ರೋಗವಿಜ್ಞಾನಿ ಆಲ್ಡ್ರೆಡ್ ವಾರ್ಥಿನ್ ಇದನ್ನು ೧೯೨೯ರಲ್ಲಿ ವಿವರಿಸಿದ. ಧೂಮಪಾನಕ್ಕೂ ಇದಕ್ಕೂ ನಿಕಟವಾದ ಸಂಬಂಧವಿದೆ. ಕೆಲವರಲ್ಲಿ ಎರಡೂ ಪಕ್ಕಗಳಲ್ಲಿ ಹುಟ್ಟುತ್ತದೆ. ಸೂಜಿಗೆ ಕಂದುಬಣ್ಣದ ಕದಡಿದ ದ್ರವ ಬರುತ್ತದೆ. ಅದರಲ್ಲಿ ಕಣಗಳು ತುಂಬಿದ ದೊಡ್ಡ ಕೋಶಗಳ ಹಾಳೆಗಳೂ, ದುಗ್ಧಕೋಶಗಳೂ, ಸತ್ತ ಕೋಶಗಳ ಕಸವೂ ಕೂಡಿರುತ್ತವೆ.

ಮಾರಕ ಗಂತಿಗಳಲ್ಲಿ ಪ್ರಮುಖವಾದುದು ಮ್ಯೂಕೋಎಪಿಡರ್ಮಾಯ್ಡ್ ಗಂತಿ. ೧೯೪೫ರಲ್ಲಿ ಇದಕ್ಕೆ ಹೆಸರಿಟ್ಟವರಲ್ಲಿ ಒಬ್ಬನು, ಸೂಜಿಪರೀಕ್ಷೆಯನ್ನು ಕುರಿತು ೧೯೩೩ರಲ್ಲಿ ಬರೆದ ಅದೇ ಫ್ರೆಡ್ ಸ್ಟೂವರ್ಟ್. ಲೋಳೆಯನ್ನು ಸ್ರವಿಸುವ ಕೋಶ, ಚರ್ಮದ ಕೋಶವನ್ನು ಹೋಲುವ ಕೋಶ, ಇವೆರಡರ ನಡುವಣ ಕೋಶ ಮೂರೂ ಇದರಲ್ಲಿವೆ. ಮತ್ತೊಂದು ಅಡಿನಾಯ್ಡ್ ಸಿಸ್ಟಿಕ್ ಕ್ಯಾನ್ಸರು. ಇದು ಮೆಲ್ಲಗೆ ಬೆಳೆದರೂ ನರಗಳ ಗುಂಟ ಹರಿದುಹೋಗುವ ಸ್ವಭಾವದ್ದು. ಚಿಕಿತ್ಸೆಯಾಗಿ ಹತ್ತು ಹದಿನೈದು ವರ್ಷಗಳ ತರುವಾಯವೂ ಶ್ವಾಸಕೋಶದಲ್ಲಿ ತಲೆಯೆತ್ತಬಲ್ಲದು. ಇದರ ಮಧ್ಯವಸ್ತು ನಾರಾಗಿರದೆ, ಅಂಚು ತೀಡಿದ ಗೋಲಿಗಳಂತೆ ಕಾಣುತ್ತದೆ. ಸಣ್ಣ ಕಪ್ಪುಕೋಶಗಳು ಆ ಗೋಲಿಗಳನ್ನು ಸುತ್ತುವರಿದಿರುತ್ತವೆ.

ಪುಸ್ತಕದ ಚಿತ್ರಗಳು ಹೀಗೆ ಬೇರೆಬೇರೆಯಾಗಿದ್ದರೂ ರೋಗಿಯ ಗಂಟು ಪುಸ್ತಕವನ್ನು ಓದಿ ಬೆಳೆದುದಲ್ಲ. ಬಹುರೂಪಿ ಗಂತಿಯಲ್ಲಿಯೂ ಕೆಲವೊಮ್ಮೆ ಗೋಲಿಗಳು ತೋರುತ್ತವೆ. ಅಡಿನಾಯ್ಡ್ ಸಿಸ್ಟಿಕ್ ಕ್ಯಾನ್ಸರಿನ ಒಂದು ಬಗೆಯಲ್ಲಿ ಗೋಲಿಗಳೇ ಇರುವುದಿಲ್ಲ. ವಾರ್ಥಿನ್ ಗಂತಿಯ ಕೋಶಗಳು ಚರ್ಮಕೋಶಗಳಂತೆ ಮಾರ್ಪಟ್ಟು ಕ್ಯಾನ್ಸರಿನ ಭ್ರಮೆ ಹುಟ್ಟಿಸಬಹುದು. ಅದಕ್ಕೆ ವಿರುದ್ಧವಾಗಿ, ಸೌಮ್ಯದರ್ಜೆಯ ಮ್ಯೂಕೋಎಪಿಡರ್ಮಾಯ್ಡ್ ಕ್ಯಾನ್ಸರು ನೀರುಚೀಲದ ರೂಪದಲ್ಲಿದ್ದರೆ ಸೂಜಿಗೆ ಬರಿಯ ಲೋಳೆ ಮಾತ್ರ ಸಿಕ್ಕಿ, ನೋಡಿದವರು ನಿರಪಾಯದ ಚೀಲವೆಂದು ಭಾವಿಸುವಂತಾಗಬಹುದು. ಅಸಿನಿಕ್ ಕೋಶದ ಕ್ಯಾನ್ಸರಿನ ಕೋಶಗಳಂತೂ ಆರೋಗ್ಯವಂತ ಗ್ರಂಥಿಯ ಕೋಶಗಳನ್ನು ಎಷ್ಟೊಂದು ಹೋಲುತ್ತವೆಯೆಂದರೆ, ಸೂಜಿ ಗಂಟಿಗೆ ತಾಗದೆ ಪಕ್ಕದ ಗ್ರಂಥಿಗೆ ತಾಗಿತೋ ಎಂಬ ಅನುಮಾನ ಹುಟ್ಟುತ್ತದೆ.

೬

ಇವೆಲ್ಲ ಅನುಭವದಿಂದ ಕಡಮೆಮಾಡಬಹುದಾದ ತೊಡಕುಗಳು. ಆದರೆ ಎಷ್ಟು ಅನುಭವವಿದ್ದರೂ ಸೂಜಿಗೆ ದಕ್ಕದ ಒಂದು ವಿಷಯವಿದೆ. ಅದು ಗಂತಿಯ ಗಡಿ.

ಕೆಲವು ಗಂತಿಗಳಲ್ಲಿ ಸೌಮ್ಯಕ್ಕೂ ಮಾರಕಕ್ಕೂ ಇರುವ ವ್ಯತ್ಯಾಸವು ಕೋಶದ ರೂಪದಲ್ಲಿಲ್ಲ, ಅದರ ನಡತೆಯಲ್ಲಿದೆ. ಕವಚದೊಳಗೆ ಉಳಿದರೆ ಸೌಮ್ಯ. ಕವಚವನ್ನು ಭೇದಿಸಿ ನೆರೆಯ ಅಂಗಕ್ಕೋ ನರಕ್ಕೋ ರಕ್ತನಾಳಕ್ಕೋ ನುಗ್ಗಿದರೆ ಮಾರಕ. ಬುಡಕೋಶಗಳಿಂದಾದ ಸೌಮ್ಯ ಅಡಿನೋಮವನ್ನೂ ಅದೇ ಕೋಶಗಳ ಕ್ಯಾನ್ಸರನ್ನೂ ಬೇರ್ಪಡಿಸುವುದು ಮುಖ್ಯವಾಗಿ ಈ ಒಂದು ಲಕ್ಷಣ. ಕತ್ತರಿಸಿದ ಚೂರಿನಲ್ಲಿ ಕೋಶಗಳು ತಮ್ಮ ನೆರೆಹೊರೆಯೊಂದಿಗೆ ಕಾಣುತ್ತವೆ. ಸೂಜಿಯು ಅವನ್ನು ನೆರೆಹೊರೆಯಿಂದ ಕಿತ್ತು ತರುತ್ತದೆ. ಯಾವ ಗೋಡೆಯನ್ನು ದಾಟಿ ಬಂದುವು ಎಂಬುದನ್ನು ಚದರಿದ ಕೋಶಗಳು ಹೇಳಲಾರವು. ಹಳೆಯ ಬಹುರೂಪಿ ಗಂತಿಯ ಒಂದು ಮೂಲೆಯಲ್ಲಿ ಕ್ಯಾನ್ಸರು ಹುಟ್ಟಿಕೊಂಡಿದ್ದು, ಸೂಜಿ ಮತ್ತೊಂದು ಮೂಲೆಗೆ ಹೋದರೂ ಸತ್ಯ ತಪ್ಪಿಹೋಗುತ್ತದೆ. ಇಂಥ ಪರಿವರ್ತನೆಯ ಸಂಭವ ಮೊದಲ ಐದು ವರ್ಷಗಳಲ್ಲಿ ನೂರಕ್ಕೆ ಒಂದೆರಡರಷ್ಟಿದ್ದು, ಹದಿನೈದು ವರ್ಷ ದಾಟಿದ ಗಂತಿಯಲ್ಲಿ ಹತ್ತರ ಸಮೀಪಕ್ಕೆ ಬರುವುದೆಂದು ಲೆಕ್ಕ. ನೋವಿಲ್ಲವೆಂದು ಗಂಟನ್ನು ದಶಕಗಳ ಕಾಲ ಹೊತ್ತು ತಿರುಗುವುದು ಜಾಣತನವಲ್ಲವೆಂಬುದಕ್ಕೆ ಇದೂ ಒಂದು ಕಾರಣ.

ಇತ್ತೀಚಿನ ದಶಕಗಳಲ್ಲಿ ಕೋಶದ ವರ್ಣತಂತುಗಳ ಅಭ್ಯಾಸವು ಸೂಜಿಗೆ ಹೊಸ ಬಲ ಕೊಟ್ಟಿದೆ. ಹಲವು ಲಾಲಾಗ್ರಂಥಿ ಗಂತಿಗಳಲ್ಲಿ ಎರಡು ಜೀನುಗಳು ತಮ್ಮ ಸ್ಥಾನದಿಂದ ಮುರಿದು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಮ್ಯೂಕೋಎಪಿಡರ್ಮಾಯ್ಡ್ ಕ್ಯಾನ್ಸರಿನಲ್ಲಿ ಒಂದು ಬಗೆಯ ಬೆಸುಗೆ, ಅಡಿನಾಯ್ಡ್ ಸಿಸ್ಟಿಕ್ ಕ್ಯಾನ್ಸರಿನಲ್ಲಿ ಮತ್ತೊಂದು. ಹಿಂದೆ ಅಸಿನಿಕ್ ಕೋಶದ ಕ್ಯಾನ್ಸರೆಂದೇ ಎಣಿಸಲಾಗುತ್ತಿದ್ದ ಕೆಲವು ಗಂತಿಗಳು ಬೇರೆಯೇ ಜಾತಿಯವೆಂದು ೨೦೧೦ರಲ್ಲಿ ಆಲೆನಾ ಸ್ಕಾಲೊವಾ ಮತ್ತು ಸಂಗಡಿಗರು ತೋರಿಸಿದ್ದೂ ಇಂಥ ಬೆಸುಗೆಯ ಆಧಾರದಿಂದಲೇ. ಈ ಗುರುತುಗಳನ್ನು ಸೂಜಿಯ ಹನಿಯಲ್ಲಿಯೂ ಹುಡುಕಬಹುದು. ಆದರೆ ಎಲ್ಲ ಗಂತಿಗಳಲ್ಲಿಯೂ ಗುರುತು ಇರುವುದಿಲ್ಲ. ಎಲ್ಲ ಆಸ್ಪತ್ರೆಗಳಲ್ಲಿಯೂ ಈ ಪರೀಕ್ಷೆಗೆ ಅನುಕೂಲವಿಲ್ಲ. ಗುರುತು ಸಿಕ್ಕರೆ ಅದು ಗಟ್ಟಿಯಾದ ಆಧಾರ. ಸಿಗದಿದ್ದರೆ ಅಷ್ಟರಿಂದಲೇ ಕ್ಯಾನ್ಸರಿಲ್ಲವೆಂದು ಹೇಳುವಂತಿಲ್ಲ.

೭

ಸೂಜಿಯ ಸಾಕ್ಷ್ಯಕ್ಕೆ ಇಂಥ ಮಿತಿಗಳಿರುವಾಗ ವರದಿಯನ್ನು ಬರೆಯುವ ರೀತಿಯೇ ಒಂದು ಸಮಸ್ಯೆಯಾಗಿತ್ತು. ಒಬ್ಬರು "ಸಂಶಯಾಸ್ಪದ" ಎಂದು ಬರೆದುದನ್ನು ಮತ್ತೊಬ್ಬರು "ವಿಲಕ್ಷಣ" ಎನ್ನುತ್ತಿದ್ದರು. ಓದುವ ಶಸ್ತ್ರವೈದ್ಯರಿಗೆ ಎಷ್ಟು ಭಯಪಡಬೇಕೆಂಬುದೇ ತಿಳಿಯುತ್ತಿರಲಿಲ್ಲ. ೨೦೧೫ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ನಡೆದ ಯುರೋಪಿನ ಕೋಶವಿಜ್ಞಾನ ಸಮ್ಮೇಳನದಲ್ಲಿ ಹಲವು ದೇಶಗಳ ತಜ್ಞರು ಸೇರಿ ಇದಕ್ಕೊಂದು ಸಮಾನ ಭಾಷೆಯನ್ನು ಗೊತ್ತುಮಾಡಲು ನಿಶ್ಚಯಿಸಿದರು. ೨೦೧೮ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾಗಿ, ೨೦೨೩ರಲ್ಲಿ ಎರಡನೆಯ ಆವೃತ್ತಿಯನ್ನು ಕಂಡ ಈ ವ್ಯವಸ್ಥೆಗೆ ಮಿಲಾನ್ ಪದ್ಧತಿಯೆಂದೇ ಹೆಸರು.

ಇದರಲ್ಲಿ ಆರು ವರ್ಗಗಳಿವೆ. ಒಂದು, ನಿರ್ಣಯಕ್ಕೆ ಸಾಲದ ಹನಿ. ಎರಡು, ಗಂತಿಯಲ್ಲದ ಬಾವು. ಮೂರು, ಅರ್ಥ ಹೇಳಲಾಗದ ವೈಪರೀತ್ಯ. ನಾಲ್ಕನೆಯದರಲ್ಲಿ ಎರಡು ಭಾಗ: ಸೌಮ್ಯವೆಂದು ಗೊತ್ತಾದ ಗಂತಿ ಮತ್ತು ಗಂತಿಯೆಂಬುದು ನಿಜವಾದರೂ ಸೌಮ್ಯವೋ ಮಾರಕವೋ ನಿಶ್ಚಯವಾಗದ ಗಂತಿ. ಐದು, ಮಾರಕವೆಂಬ ಬಲವಾದ ಶಂಕೆ. ಆರು, ಮಾರಕ. ಪ್ರತಿಯೊಂದು ವರ್ಗಕ್ಕೂ ಕ್ಯಾನ್ಸರಿನ ಸಂಭವ ಎಷ್ಟೆಂಬ ಅಂದಾಜನ್ನೂ ಕೊಟ್ಟಿದ್ದಾರೆ. ೨೦೧೮ರ ಪುಸ್ತಕದ ಪ್ರಕಾರ ನೂರಕ್ಕೆ ಕ್ರಮವಾಗಿ ೨೫, ೧೦, ೨೦. ಸೌಮ್ಯ ಗಂತಿಗೆ ೫ಕ್ಕಿಂತ ಕಡಮೆ, ನಿಶ್ಚಯವಾಗದ ಗಂತಿಗೆ ೩೫. ಐದನೆಯದಕ್ಕೆ ೬೦, ಆರನೆಯದಕ್ಕೆ ೯೦. ಎರಡನೆಯ ಆವೃತ್ತಿಯಲ್ಲಿ ಹೊಸ ಅನುಭವದ ಮೇಲೆ ಈ ಅಂಕೆಗಳನ್ನು ತಿದ್ದಲಾಗಿದೆ. ಹನಿ ಸಾಲದೆಂದ ವರ್ಗಕ್ಕೂ ೨೫ರ ಸಂಭವವಿದೆಯೆಂಬುದು ಗಮನಾರ್ಹ. ಸಾಲದ ಹನಿ ನಿರಪಾಯದ ಹನಿಯಲ್ಲ. ಮತ್ತೆ ಚುಚ್ಚಿಸಬೇಕಾದ ಹನಿ. ಈ ಅಂಕೆಗಳು ಬಹುಮಟ್ಟಿಗೆ ಶಸ್ತ್ರಕ್ರಿಯೆಗೆ ಒಳಗಾದವರಿಂದ ದೊರೆತುವೆಂಬುದನ್ನೂ ಮರೆಯಬಾರದು. ಶಂಕೆಯಿದ್ದವರೇ ಹೆಚ್ಚಾಗಿ ಶಸ್ತ್ರಕ್ರಿಯೆಗೆ ಹೋಗುವುದರಿಂದ, ಕೆಳಗಿನ ವರ್ಗಗಳ ನಿಜವಾದ ಸಂಭವ ಇದಕ್ಕಿಂತ ಕಡಮೆಯಿದ್ದೀತು.

ಗ್ರಂಥಿಗೆ ತಕ್ಕಂತೆ ಸಂಭವ ಬದಲಾಗುವ ಹಿಂದಿನ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಕರ್ಣಮೂಲ ಗ್ರಂಥಿಯ ಪರೀಕ್ಷೆಯನ್ನು ಕುರಿತ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೧ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ಸೂಜಿಯು ಮಾರಕ ಗಂತಿಗಳಲ್ಲಿ ನೂರಕ್ಕೆ ೮೦ನ್ನು ಹಿಡಿಯುತ್ತದೆ. ಮಾರಕವಲ್ಲದವುಗಳಲ್ಲಿ ೯೭ನ್ನು ಸರಿಯಾಗಿ ಬಿಟ್ಟುಕೊಡುತ್ತದೆ. ಈಗ ಕರ್ಣಮೂಲ ಗ್ರಂಥಿಯ ನೂರು ಗಂತಿಗಳನ್ನು ತೆಗೆದುಕೊಂಡರೆ ಅವುಗಳಲ್ಲಿ ಮಾರಕವಾದುವು ೨೦. ಸೂಜಿ ೧೬ನ್ನು ಹಿಡಿದು ೪ನ್ನು ಬಿಡುತ್ತದೆ. ಮಿಕ್ಕ ೮೦ರಲ್ಲಿ ಎರಡೋ ಮೂರೋ ತಪ್ಪಾಗಿ ಮಾರಕವೆನಿಸಿಕೊಳ್ಳುತ್ತವೆ. ಹಾಗಾದರೆ "ಮಾರಕವಲ್ಲ" ಎಂಬ ವರದಿ ಪಡೆದ ಸುಮಾರು ೮೨ ಮಂದಿಯಲ್ಲಿ ನಾಲ್ವರಿಗೆ, ಎಂದರೆ ಇಪ್ಪತ್ತಕ್ಕೊಬ್ಬರಿಗೆ, ಕ್ಯಾನ್ಸರಿದೆ. ದವಡೆಯಡಿಯ ಗ್ರಂಥಿಯಲ್ಲಿಯೂ ಸೂಜಿಗೆ ಇಷ್ಟೇ ಸಾಮರ್ಥ್ಯವಿದೆಯೆಂದು ಭಾವಿಸಿ, ಅಲ್ಲಿನ ನೂರು ಗಂತಿಗಳಲ್ಲಿ ೫೦ ಮಾರಕವೆಂದು ಹಿಡಿದರೆ, ಸೂಜಿ ೪೦ನ್ನು ಹಿಡಿದು ೧೦ನ್ನು ಬಿಡುತ್ತದೆ. "ಮಾರಕವಲ್ಲ" ಎಂದ ಸುಮಾರು ೫೮ ವರದಿಗಳಲ್ಲಿ ೧೦ ತಪ್ಪು; ಎಂದರೆ ಆರಕ್ಕೊಂದು. ಸೂಜಿ ಅದೇ, ನೋಡುವ ಕಣ್ಣು ಅದೇ, ವರದಿಯ ಮಾತೂ ಅದೇ. ಗಂಟು ಇರುವ ಸ್ಥಳ ಬದಲಾದ ಮಾತ್ರಕ್ಕೆ ಆ ಮಾತಿನ ತೂಕ ಬದಲಾಯಿತು.

ಆದುದರಿಂದಲೇ ವೈದ್ಯರು ಸೂಜಿಯ ವರದಿಯನ್ನು ಒಂಟಿಯಾಗಿ ಓದುವುದಿಲ್ಲ. ಗಂಟು ಬೇಗ ಬೆಳೆಯಿತೇ, ನೋಯುತ್ತದೆಯೇ, ಅಲುಗದೆ ಕಚ್ಚಿಕೊಂಡಿದೆಯೇ, ಮುಖದ ಪಕ್ಕ ಸೋತಿದೆಯೇ ಎಂಬ ಕೈಕಣ್ಣುಗಳ ಪರೀಕ್ಷೆ ಒಂದು. ಅಲ್ಟ್ರಾಸೌಂಡು ಮತ್ತು ಎಂ.ಆರ್.ಐ. ಚಿತ್ರಗಳು ಮತ್ತೊಂದು, ಸೂಜಿ ಮೂರನೆಯದು. ಮೂರೂ ಒಂದೇ ಮಾತು ಹೇಳಿದರೆ ನಿರ್ಧಾರ ಸುಲಭ. ಮುಖ ಸೋತಿರುವಾಗ ಸೂಜಿಯೊಂದೇ ಸೌಮ್ಯವೆಂದರೆ ಅದನ್ನು ನಂಬಿ ಕುಳಿತುಕೊಳ್ಳುವುದು ಸಲ್ಲದು. ಮತ್ತೆ ಚುಚ್ಚಬೇಕು, ಅಥವಾ ತುಸು ದಪ್ಪನಾದ ಸೂಜಿಯಿಂದ ಸಣ್ಣ ಚೂರನ್ನೇ ತೆಗೆಯಬೇಕು. ಇದರ ಮತ್ತೊಂದು ಮುಖವೂ ಅಷ್ಟೇ ಮುಖ್ಯ. ಚೆನ್ನಾಗಿ ಕೆಲಸಮಾಡುತ್ತಿರುವ ಮುಖನರವನ್ನು ಬರಿಯ ಸಂದೇಹದ ವರದಿಯ ಆಧಾರದ ಮೇಲೆ ಕಡಿಯಕೂಡದೆಂದು ಅಮೆರಿಕದ ಕ್ಲಿನಿಕಲ್ ಆಂಕಾಲಜಿ ಸಂಘವು ೨೦೨೧ರ ತನ್ನ ಮಾರ್ಗದರ್ಶಿಯಲ್ಲಿ ಸ್ಪಷ್ಟಪಡಿಸಿದೆ.

೮

ಊರಿನಿಂದ ದೊಡ್ಡ ನಗರದ ಆಸ್ಪತ್ರೆಗೆ ಬಂದ ಬಂಧುವಿನ ಪರವಾಗಿ ಇಂಗ್ಲಿಷಿನ ವರದಿಯನ್ನು ಓದಿ, ಅದರ ತಾತ್ಪರ್ಯವನ್ನು ಕನ್ನಡದಲ್ಲಿ ತಿಳಿಹೇಳುವ ಹೊಣೆ ಹೊರನಾಡಿನ ಕನ್ನಡಿಗರ ಪಾಲಿಗೆ ಆಗಾಗ ಬರುವುದುಂಟು. ಆಗ ಆಡುವ ಒಂದೊಂದು ಮಾತಿಗೂ ಬೆಲೆಯಿದೆ. "ಕ್ಯಾನ್ಸರ್ ಇಲ್ಲ" ಎನ್ನುವುದು ಒಂದು. "ತೆಗೆದ ಕೋಶಗಳಲ್ಲಿ ಕ್ಯಾನ್ಸರಿನ ಗುರುತು ಕಾಣಲಿಲ್ಲ" ಎನ್ನುವುದು ಇನ್ನೊಂದು. ಸೂಜಿಪರೀಕ್ಷೆಯ ವರದಿ ಹೇಳುವುದು ಎರಡನೆಯದನ್ನೇ ಹೊರತು ಮೊದಲನೆಯದನ್ನಲ್ಲ. "ಇಲ್ಲ" ಎಂದು ಕೇಳಿದವರು ನಿಶ್ಚಿಂತೆಯಿಂದ ಊರಿಗೆ ಮರಳಿ, ಹೇಳಿದ ದಿನ ತಿರುಗಿ ಬರುವುದನ್ನೇ ಬಿಟ್ಟಾರು. "ಕಾಣಲಿಲ್ಲ" ಎಂದು ಕೇಳಿದವರು ಮುಂದೇನು ಎಂದು ಪ್ರಶ್ನಿಸುವರು. ಆ ಪ್ರಶ್ನೆಯೇ ಅವರನ್ನು ಉಳಿಸೀತು. ಹಾಗೆಯೇ "ಶಂಕೆ" ಎಂದು ಬರೆದುದನ್ನು "ಕ್ಯಾನ್ಸರ್ ಆಗಿದೆ" ಎಂದು ಹೇಳಿ ಮನೆಮಂದಿಯನ್ನೆಲ್ಲ ದುಃಖಕ್ಕೆ ಈಡುಮಾಡುವುದೂ ಅನ್ಯಾಯ.

ಅಂಥ ವರದಿ ಕೈಗೆ ಬಂದಾಗ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಹನಿ ಸಾಕಷ್ಟು ಸಿಕ್ಕಿತೇ? ಮಿಲಾನ್ ಪದ್ಧತಿಯ ಯಾವ ವರ್ಗಕ್ಕೆ ಸೇರಿಸಿದ್ದಾರೆ? ಕೈಪರೀಕ್ಷೆಗೂ ಚಿತ್ರಗಳಿಗೂ ಈ ಉತ್ತರ ಹೊಂದುತ್ತದೆಯೇ? ಹೊಂದದಿದ್ದರೆ ಮತ್ತೆ ಯಾವಾಗ ನೋಡಬೇಕು? ಇವನ್ನು ಕೇಳುವುದಕ್ಕೆ ವೈದ್ಯಶಾಸ್ತ್ರದ ಪಾಂಡಿತ್ಯ ಬೇಕಿಲ್ಲ.

ಕತ್ತಿಯಿಲ್ಲದೆ, ಮುಖದ ಮೇಲೆ ಕಲೆಯಿಲ್ಲದೆ, ಕೆಲವೇ ನಿಮಿಷಗಳಲ್ಲಿ ಗಂತಿಯ ಒಳಗುಟ್ಟನ್ನು ಬಹುಪಾಲು ತಿಳಿಸುವ ಉಪಾಯ ಇಷ್ಟು ಸುಲಭವಾಗಿ ದೊರೆತಿರುವುದು ಸಣ್ಣ ಉಪಕಾರವಲ್ಲ. ಕ್ಷಯದ ರೋಗಿಗೆ ಅದು ಶಸ್ತ್ರಕ್ರಿಯೆಯನ್ನು ತಪ್ಪಿಸುತ್ತದೆ. ಸೌಮ್ಯ ಗಂತಿಯವರಿಗೆ ಅವಸರವಿಲ್ಲದ, ನರವನ್ನು ಕಾಪಾಡುವ ಶಸ್ತ್ರಕ್ರಿಯೆಗೆ ಅವಕಾಶ ಕೊಡುತ್ತದೆ. ಕ್ಯಾನ್ಸರಿನವರಿಗೆ ಮೊದಲ ಸಲವೇ ಸಾಕಷ್ಟು ಅಗಲವಾದ ಶಸ್ತ್ರಕ್ರಿಯೆಗೆ ಸಿದ್ಧತೆ ಮಾಡಿಸುತ್ತದೆ. ಉಳಿದ ಸಂದೇಹವನ್ನು ಮುಚ್ಚಿಡದೆ ಅಳತೆಗೆ ಸಿಕ್ಕುವಂತೆ ಹೇಳುವುದು ವರದಿ ಬರೆಯುವವರ ಕರ್ತವ್ಯ. ಅದನ್ನು ಕೂಡಿಸದೆ ಕಳೆಯದೆ ರೋಗಿಗೆ ಮುಟ್ಟಿಸುವುದು ಅವನ ಭಾಷೆಯಲ್ಲಿ ಅದನ್ನು ಹೇಳುವವರ ಕರ್ತವ್ಯ.